ತುಲನಾದಲ್ಲಿ ಹಸಿರು

ಯಾರು ಯಾರ ಮಗಳು ಎಂದು ಹೇಳುವ ಅಧಿಕಾರ ತಾಯಂದಿರ ಬಾಯಿಂದ ಯಂತ್ರದ ಬಾಯಿಗೆ ಹೋದ ಮೇಲೂ, ಹಗರಿಪಟ್ಟಣದ ಒಳಚರಂಡಿಗೆ ಇಳಿಯಲು ಮಾತ್ರ ಮನುಷ್ಯನೇ ಬೇಕಾಗಿದ್ದ. ಗುಂಡಿಯೊಳಗೆ ಇಳಿಯುವ ರೋಬೋಟು ನಗರಸಭೆಯ ಹತ್ತಿರ ಇರಲಿಲ್ಲವೆಂದಲ್ಲ. ಉದ್ಘಾಟನೆಯ ದಿನ ಅದಕ್ಕೆ ಹಾರ ಹಾಕಿ, ಕುಂಕುಮ ಹಚ್ಚಿ, ಫೋಟೋ ತೆಗೆಸಿ, ಆಮೇಲೆ ತಾಡಪತ್ರಿ ಹೊದಿಸಿ ಶೆಡ್ಡಿನಲ್ಲಿ ನಿಲ್ಲಿಸಿದ್ದರು. ಅದು ಕೆಟ್ಟರೆ ರಿಪೇರಿಗೆ ದೂರದ ಊರಿನಿಂದ ಜನ ಬರಬೇಕು. ಮಾರೆಪ್ಪ ಕೆಟ್ಟರೆ ಯಾರೂ ಎಲ್ಲಿಂದಲೂ ಬರಬೇಕಾಗಿಲ್ಲ. ಹೀಗಾಗಿ ಬಸ್ ಸ್ಟ್ಯಾಂಡಿನ ಹಿಂದಿನ ಗುಂಡಿ ಕಟ್ಟಿಕೊಂಡಾಗ, ಪೌರಕಾರ್ಮಿಕರ ಮೇಲೆ ಕಣ್ಣಿಡುವ ಜಮಾದಾರ ತಿಪ್ಪೇಸ್ವಾಮಿ ಮಾರೆಪ್ಪನನ್ನೇ ಕರೆದ. ಮಾರೆಪ್ಪ ಇಳಿದ. ಮೇಲೆ ಬಂದದ್ದು ಅವನ ಹೆಣ.

ಸತ್ತ ನೌಕರನ ಮಗನಿಗೋ ಮಗಳಿಗೋ ಅನುಕಂಪದ ಮೇಲೆ ಕೆಲಸ ಕೊಡಬೇಕೆಂಬ ನಿಯಮ ಇನ್ನೂ ಉಳಿದಿತ್ತು. ಮಾರೆಪ್ಪನಿಗೆ ಒಬ್ಬಳೇ ಮಗಳು, ರಮಾ. ಡಿಗ್ರಿ ಮುಗಿಸಿದ್ದಳು. ಡಿಗ್ರಿ ಓದಿದವಳಿಗೆ ನಿಯಮದ ಪ್ರಕಾರ ಗುಮಾಸ್ತೆಯ ಹುದ್ದೆ ಸಿಗಬೇಕು. ಪೊರಕೆ ಹಿಡಿಯದೆ ನಗರಸಭೆಯ ಬಾಗಿಲು ದಾಟಿ ಒಳಗೆ ಕುರ್ಚಿಯ ಮೇಲೆ ಕೂರುವವಳು ಇಡೀ ಪೌರಕಾರ್ಮಿಕರ ಕಾಲೋನಿಯಲ್ಲಿ ಅವಳೇ ಮೊದಲನೆಯವಳಾಗುತ್ತಿದ್ದಳು. ಗಂಡ ಸತ್ತ ಸಂಕಟದ ನಡುವೆಯೂ ಹುಲಿಗೆಮ್ಮ ಆ ಕುರ್ಚಿಯನ್ನು ನೆನೆಯುತ್ತಿದ್ದಳು. ನೆನೆದದ್ದಕ್ಕೆ ನಾಚಿಕೊಳ್ಳುತ್ತಲೂ ಇದ್ದಳು.

ಆದರೆ ಹುದ್ದೆಗೆ ಮೊದಲು ರಕ್ತ ಕೊಡಬೇಕಿತ್ತು. ಯಾರೋ ಎಲ್ಲೋ ಪರರ ಮಗನನ್ನು ತನ್ನವನೆಂದು ತೋರಿಸಿ ಕೆಲಸ ಹೊಡೆದರೆಂದು, ಸರಕಾರ ಎಲ್ಲ ಅನುಕಂಪದ ಅರ್ಜಿಗಳಿಗೂ ಬಾಂಧವ್ಯ ಪರೀಕ್ಷೆಯನ್ನು ಕಡ್ಡಾಯ ಮಾಡಿತ್ತು. ಆರೋಗ್ಯ ಕಾರ್ಡಿಗೆಂದು ನೌಕರರಿಂದ ಹಿಂದೆಯೇ ತೆಗೆದಿಟ್ಟ ಒಣ ರಕ್ತದ ಹನಿಗಳಲ್ಲಿ ಮಾರೆಪ್ಪನದೂ ಇತ್ತು. ತಾಯಿ ಮಗಳು ಹೋಗಿ ಬೆರಳು ಚುಚ್ಚಿಸಿಕೊಂಡು ಬಂದರು.

ಫಲಿತಾಂಶವನ್ನು ನಗರಸಭೆಯ ಕಿಂಡಿಯಲ್ಲಿ ಓದಿ ಹೇಳಿದರು. ನೀರಿನ ಕಂದಾಯ ಕಟ್ಟಲು ಬಂದವರೆಲ್ಲ ಸಾಲಿನಲ್ಲಿ ನಿಂತಿದ್ದರು. ತಾಯಿ, ಹೊಂದುತ್ತದೆ. ತಂದೆ, ಹೊಂದುವುದಿಲ್ಲ. ಹುಲಿಗೆಮ್ಮನಿಗೆ ಅರ್ಥವಾಗಲಿಲ್ಲವೆಂದು ಕಿಂಡಿಯೊಳಗಿನವನು ಬಿಡಿಸಿ ಹೇಳಿದ. ಹುಡುಗಿ ನಿನ್ನವಳೇ ಅಂತೆ, ಮಾರೆಪ್ಪನವಳು ಅಲ್ಲವಂತೆ. ಸಾಲಿನಲ್ಲಿ ಯಾರೋ ಕೆಮ್ಮಿದರು. ಕೆಮ್ಮು ಬಂದು ಕೆಮ್ಮಿದ್ದಲ್ಲ ಎಂಬುದು ಎಲ್ಲರಿಗೂ ತಿಳಿಯಿತು.

ಹಾದಿಯುದ್ದಕ್ಕೂ ರಮಾ ಎರಡು ಹೆಜ್ಜೆ ಮುಂದೆಯೇ ನಡೆದಳು. ಕಾಲೋನಿಯ ತಿರುವಿನಲ್ಲಿ ಒಮ್ಮೆ ತಾಯಿಯ ಕಡೆ ನೋಡಿದಳು, ತಕ್ಷಣ ಕಣ್ಣು ತಪ್ಪಿಸಿದಳು. ಆ ಒಂದು ನೋಟ ಸಾಕಾಯಿತು. ಗಂಡನ ಹೆಣವನ್ನು ಹಗ್ಗ ಕಟ್ಟಿ ಎಳೆದಾಗಲೂ ನಿಂತೇ ಇದ್ದ ಹುಲಿಗೆಮ್ಮ ಅಲ್ಲೇ ಮೋರಿಯ ಕಟ್ಟೆಯ ಮೇಲೆ ಕುಸಿದು ಕುಳಿತಳು. ರಮಾ ಓಡಿಬಂದು ಅವಳ ತೋಳು ಹಿಡಿದಳು. ನಾನು ಹಾಗೆ ನೋಡಲಿಲ್ಲ ಎಂದಳು. ಹಾಗೆ ಎಂದರೆ ಹೇಗೆ ಎಂದು ಇಬ್ಬರೂ ಕೇಳಲಿಲ್ಲ.

ಮಾರೆಪ್ಪನ ತಾಯಿ ಈರಮ್ಮ ಮುದುಕಿ. ಕಣ್ಣು ಮಂಜು, ಕಿವಿ ಚುರುಕು. ಸೊಸೆಯ ಮೇಲೆ ಕೂಗಾಡಿದ್ದರೆ, ಬಯ್ದಿದ್ದರೆ ಹುಲಿಗೆಮ್ಮ ತಿರುಗಿ ಬಯ್ಯುತ್ತಿದ್ದಳು, ಅಲ್ಲಿಗೆ ಒಂದು ದಾರಿ ಆಗುತ್ತಿತ್ತು. ಮುದುಕಿ ಹಾಗೆ ಮಾಡಲಿಲ್ಲ. ಮರುದಿನ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಲೆ ನೇವರಿಸಿ, ದನಿ ತಗ್ಗಿಸಿ ಕೇಳಿದಳು:

"ಯಾರವ್ವಾ ಅಂವಾ? ಹೇಳಿಬಿಡು ಹುಲಿಗಿ. ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ. ನಮ್ಮಂಥೋರು ಮಂದಿ ಮನಿ ಮುಂದ ಕಸ ಹೊಡಿಯಾಕ ಹೋದಾಗ ಏನೇನಾಗತೈತಿ ಅಂತ ನನಗ ಗೊತ್ತಿಲ್ಲೇನು?"

"ಅತ್ತಿ, ಯಾರೂ ಇಲ್ಲ."

"ಆತು ಬಿಡು. ಇಲ್ಲಂದ್ರ ಇಲ್ಲ."

ಆ 'ಆತು ಬಿಡು' ಹುಲಿಗೆಮ್ಮನನ್ನು ಸುಟ್ಟಿತು. ಅತ್ತೆಯ ಕರುಣೆಯಲ್ಲಿ ಒಂದು ಎಳೆ ಸುಳ್ಳೂ ಇರಲಿಲ್ಲ. ಅಷ್ಟು ನಿಜವಾದ ಕರುಣೆಯಿಂದಲೇ ಅವಳು ಸೊಸೆಯ ಮಾತು ಬಿಟ್ಟು ಯಂತ್ರದ ಮಾತು ನಂಬಿದ್ದಳು.

*

ಆ ಯಂತ್ರವಿದ್ದದ್ದು ಊರಾಚೆಯ ಗುಡ್ಡದ ಬುಡದಲ್ಲಿ, ನಾಲ್ಕಾರು ಜಿಲ್ಲೆಗಳಿಗೆ ಒಂದರಂತೆ ಕಟ್ಟಿದ ಜೀನ್ ಪ್ರಯೋಗಾಲಯದಲ್ಲಿ. ಗೇಟಿನ ಹತ್ತಿರ ಹೋಗಿ ಹುಲಿಗೆಮ್ಮ ಕುಳಿತಳು. ಕಾವಲಿನವನು ಎಬ್ಬಿಸಿದರೆ ರಸ್ತೆಯ ಆ ಕಡೆಗೆ ಹೋಗಿ ಕೂರುತ್ತಿದ್ದಳು, ಅವನು ಒಳಗೆ ಹೋದರೆ ಮತ್ತೆ ಈ ಕಡೆ. ಬಿಳಿ ಕೋಟು ತೊಟ್ಟವರನ್ನೆಲ್ಲ ನಿಲ್ಲಿಸಿ, ಇನ್ನೊಂದು ಸಲ ರಕ್ತ ತೆಗೆಯಿರಿ, ಎಷ್ಟು ಬೇಕಾದರೂ ತೆಗೆಯಿರಿ ಎಂದು ಕೈ ಚಾಚುತ್ತಿದ್ದಳು. ಚಹಾ ಕುಡಿಯಲು ಹೊರಗೆ ಬಂದ ಕಿರಿಯ ವಿಜ್ಞಾನಿ ಸಬೀಹಾ ಬೇಗಂ ಒಬ್ಬಳೇ ನಿಂತು ಕೇಳಿದಳು. ಕೇಳಿ, ಎಲ್ಲರೂ ಹೇಳುವುದನ್ನೇ ಹೇಳಿದಳು. ಅಮ್ಮಾ, ಇದು ತುಲನಾದಲ್ಲಿ ಹಸಿರಾದ ಪರೀಕ್ಷೆ. ತಪ್ಪಾಗುವುದಿಲ್ಲ.

ತುಲನಾ ಎಂದರೆ ಅಂತರ್ಜಾಲದ ಒಂದು ಭಂಡಾರ. ದೇಶದ ಯಾವ ಲ್ಯಾಬಿನವರಾದರೂ ತಾವು ರೂಪಿಸಿದ ಜೀನ್ ಪರೀಕ್ಷೆಯ ವಿನ್ಯಾಸವನ್ನು ಅಲ್ಲಿ ಎಲ್ಲರಿಗೂ ಕಾಣುವಂತೆ ಇಡಬಹುದು. ಬೇರೆ ಲ್ಯಾಬುಗಳು ಅದನ್ನು ಮಾಡಿ ನೋಡಿ, ಸರಿಯಿದೆ ಅಥವಾ ಇಲ್ಲ ಎಂದು ಬರೆಯುತ್ತವೆ. ಸಾಕಷ್ಟು ಲ್ಯಾಬುಗಳು ಸರಿಯಿದೆ ಎಂದರೆ ವಿನ್ಯಾಸದ ಪಕ್ಕದ ಬೂದು ಚುಕ್ಕೆ ಹಸಿರಾಗುತ್ತದೆ. ಹಸಿರಾದದ್ದನ್ನು ಕೋರ್ಟೂ ಒಪ್ಪುತ್ತದೆ, ಕಚೇರಿಯೂ ಒಪ್ಪುತ್ತದೆ. ಕಟ್ಟಿದವರ ಆಸೆ ಕೆಟ್ಟದ್ದಾಗಿರಲಿಲ್ಲ. ಯಾವುದೋ ಕಂಪನಿಯ ಗುಟ್ಟಾಗಿ ಉಳಿಯದೆ ಪರೀಕ್ಷೆಗಳು ಎಲ್ಲರ ಕಣ್ಣೆದುರು ಇರಲಿ, ಎಲ್ಲರೂ ತಾಳೆ ನೋಡಲಿ ಎಂದು ಅದನ್ನು ಕಟ್ಟಿದ್ದರು. 'ಎಲ್ಲರೂ' ಎಂದಾಗ ಅವರ ಕಣ್ಣಮುಂದೆ ಬಂದವರು ಯಾರು ಎಂಬುದಷ್ಟೇ ಪ್ರಶ್ನೆ.

ಹಾಗೆ ಹೇಳಿ ಒಳಗೆ ಹೋದ ಸಬೀಹಾಗೆ ಆ ಚಾಚಿದ ಕೈ ಮರೆಯಲಾಗಲಿಲ್ಲ. ಇನ್ನೊಮ್ಮೆ ಮಾಡಿ ತೋರಿಸಿದರೆ ಹೆಂಗಸು ಎದ್ದು ಮನೆಗಾದರೂ ಹೋದಾಳೆಂದು ಅದೇ ರಕ್ತವನ್ನು ಮತ್ತೆ ಪರೀಕ್ಷಿಸಲು ಕುಳಿತಳು. ಮಾದರಿ ತುಂಬುವ ಗುಳಿಗಳ ತಟ್ಟೆ ಅರ್ಧ ಖಾಲಿಯಿದ್ದರೆ ಯಂತ್ರಕ್ಕೆ ಹಾಕಬಾರದೆಂಬುದು ಅಲ್ಲಿನ ರೂಢಿ, ದುಬಾರಿ ರಾಸಾಯನಿಕ ದಂಡವಾಗುತ್ತದೆ. ಖಾಲಿ ಗುಳಿಗಳಿಗೆ ಏನಾದರೂ ತುಂಬಬೇಕಲ್ಲ ಎಂದು ಫ್ರಿಜ್ಜಿನ ಮೂಲೆಯಲ್ಲಿ ಬಿಸಾಡಲೆಂದು ಇಟ್ಟಿದ್ದ ರಕ್ತದ ಮಾದರಿಗಳನ್ನು ತೆಗೆದು ತುಂಬಿದಳು. ಅವುಗಳ ಮೇಲೆಲ್ಲ 'ಮಾದರಿ ಕೆಟ್ಟಿದೆ' ಎಂಬ ಚೀಟಿಯಿತ್ತು. ರಕ್ತ ತೆಗೆದ ಆಶಾ ಕಾರ್ಯಕರ್ತೆಯರ ಕೈ ಕೊಳಕು, ಬಿಸಿಲಲ್ಲಿ ಸಾಗಿಸಿದ್ದಾರೆ, ಆ ಕಾಲೋನಿಗಳಿಂದ ಬರುವುದೇ ಹೀಗೆ ಎಂದು ಲ್ಯಾಬಿನಲ್ಲಿ ಎಲ್ಲರೂ ನಂಬಿದ್ದರು. ಸಬೀಹಾಳೂ ಅಂಥ ಚೀಟಿ ಅಂಟಿಸಿದ್ದಳು.

ಮಾರೆಪ್ಪ, ರಮಾ ಇಬ್ಬರದೂ ಮೊದಲಿನಂತೆಯೇ ಬಂತು, ಹೊಂದುವುದಿಲ್ಲ. ಆದರೆ ಕೆಟ್ಟ ಮಾದರಿಗಳು ಕೆಟ್ಟವುಗಳಂತೆ ನಡೆದುಕೊಳ್ಳಲಿಲ್ಲ. ರಕ್ತ ಕೊಳೆತಿದ್ದರೆ ಪರೀಕ್ಷೆಯ ಎಲ್ಲ ಜಾಗಗಳೂ ಖಾಲಿ ಬರಬೇಕು. ಇಲ್ಲಿ ಉಳಿದೆಲ್ಲ ಜಾಗಗಳೂ ಸ್ಪಷ್ಟವಾಗಿ ಬಂದು, ಒಂದೇ ಒಂದು ಜಾಗ ಖಾಲಿ. ಎಲ್ಲರದೂ ಅದೇ ಜಾಗ. ಮಾರೆಪ್ಪ ಮತ್ತು ರಮಾ ತಾಳೆಯಾಗದೆ ಹೋದದ್ದೂ ಅದೇ ಜಾಗದಲ್ಲಿ.

ಸಬೀಹಾ ಆ ಚೀಟಿಗಳನ್ನು ಒಂದೊಂದಾಗಿ ಕಿತ್ತು ತೆಗೆದಳು.

ಸಂಗತಿ ಇಷ್ಟು. ನಮ್ಮೆಲ್ಲರ ರಕ್ತದಲ್ಲೂ ನಾಲ್ಕೇ ಅಕ್ಷರಗಳ ಒಂದು ದೊಡ್ಡ ಬರಹವಿದೆ. ಪ್ರತಿ ಪುಟಕ್ಕೂ ಎರಡು ಪ್ರತಿ, ಒಂದು ತಾಯಿ ಕೊಟ್ಟದ್ದು, ಒಂದು ತಂದೆ ಕೊಟ್ಟದ್ದು. ದೊಡ್ಡವರ ಆಸ್ತಿ ವ್ಯಾಜ್ಯಗಳಿಗೆ ಇಡೀ ಬರಹವನ್ನು ಓದಿಸುತ್ತಾರೆ. ಪೌರಕಾರ್ಮಿಕರ ಮಕ್ಕಳಿಗೆ ಅಷ್ಟೆಲ್ಲ ಯಾಕೆಂದು ಬಾಂಧವ್ಯ ಪರೀಕ್ಷೆ ಕೆಲವೇ ಪುಟಗಳನ್ನು ತೆರೆಯುತ್ತದೆ. ಒಂದು ಪುಟ ತಾಳೆಯಾಗದಿದ್ದರೂ 'ಹೊಂದುವುದಿಲ್ಲ' ಎಂದು ಬರೆಯಬೇಕೆಂಬುದು ಇಲಾಖೆಯ ಆದೇಶ. ಬೇಕಾದ ಪುಟವನ್ನು ಹುಡುಕಲು ಪ್ರೈಮರ್ ಎಂಬ ಚಿಕ್ಕ ತುಣುಕನ್ನು ಬಿಡುತ್ತಾರೆ. ತನಗೆ ಹೊಂದುವ ಅಕ್ಷರಗಳು ಸಿಕ್ಕಲ್ಲಿ ಅದು ಅಂಟಿಕೊಳ್ಳುತ್ತದೆ, ಅಂಟಿದ ಕಡೆಯಿಂದ ಯಂತ್ರ ಓದುತ್ತದೆ. ಆ ಜಾಗದಲ್ಲಿ ಒಬ್ಬರ ಬರಹದ ಒಂದು ಅಕ್ಷರ ಬೇರೆ ಇದ್ದರೆ ತುಣುಕು ಅಂಟುವುದಿಲ್ಲ. ಎರಡೂ ಪ್ರತಿಗೆ ಅಂಟದಿದ್ದರೆ ಖಾಲಿ. ಒಂದಕ್ಕೆ ಅಂಟಿ ಇನ್ನೊಂದಕ್ಕೆ ಅಂಟದಿದ್ದರೆ ಯಂತ್ರ ಆ ಒಂದನ್ನೇ ಓದಿ, ಎರಡೂ ಹೀಗೇ ಇವೆ ಎಂದು ಧೈರ್ಯವಾಗಿ ಬರೆಯುತ್ತದೆ. ಮಾರೆಪ್ಪ ಮಗಳಿಗೆ ಕೊಟ್ಟದ್ದು ಆ ಅಂಟದ ಪ್ರತಿಯನ್ನು. ಅಪ್ಪನಲ್ಲಿಯೂ ಅದು ಕಾಣಲಿಲ್ಲ, ಮಗಳಲ್ಲಿಯೂ ಕಾಣಲಿಲ್ಲ. ಇಬ್ಬರ ನಡುವಿನ ನಂಟೇ ಯಂತ್ರದ ಕಣ್ಣಿಗೆ ಬೀಳಲಿಲ್ಲ.

ಹಾಗಾದರೆ ಅಷ್ಟೊಂದು ಲ್ಯಾಬುಗಳು ಇದನ್ನು ಸರಿಯಿದೆ ಎಂದದ್ದು ಹೇಗೆ? ಉತ್ತರ ಸಬೀಹಾಗೆ ಗೊತ್ತಿತ್ತು, ಅವಳೂ ಆ ಹಬ್ಬದಲ್ಲಿ ಇದ್ದವಳೇ. ಹೊಸ ವಿನ್ಯಾಸವನ್ನು ತಾಳೆ ನೋಡುವ ದಿನವನ್ನು ಲ್ಯಾಬಿನಲ್ಲಿ 'ಕೈ ಚಾಚುವ ದಿನ' ಎನ್ನುತ್ತಾರೆ. ಹೊರಗಿನ ಜನರ ರಕ್ತ ಬೇಕಾದರೆ ಅನುಮತಿ, ಸಮಿತಿ, ಸಹಿ. ಅದರ ಬದಲು ಸಿಬ್ಬಂದಿಯೇ ತೋಳು ಚಾಚುತ್ತಾರೆ. ನಿರ್ದೇಶಕರು ಮೊದಲು, ಆಮೇಲೆ ವಿಜ್ಞಾನಿಗಳು, ಗುಮಾಸ್ತರು. ನಗು, ತಮಾಷೆ, ಕೊನೆಗೆ ಉಪ್ಪಿಟ್ಟು ಕೇಸರಿಬಾತು. ಎಲ್ಲ ಊರುಗಳ ಲ್ಯಾಬುಗಳಲ್ಲೂ ಇದೇ ಕ್ರಮ, ಎಲ್ಲ ಲ್ಯಾಬುಗಳಲ್ಲೂ ಹೆಚ್ಚುಕಡಿಮೆ ಅವೇ ಮೇಲುಕೇರಿಗಳಿಂದ ಬಂದವರು. ತಮ್ಮತಮ್ಮೊಳಗೇ ಮದುವೆಯಾಗುತ್ತ ಬಂದ ಕಾಲೋನಿಗಳಲ್ಲಿ ಉಳಿದುಕೊಂಡ ಆ ಬೇರೆ ಅಕ್ಷರ ಅವರ ರಕ್ತದಲ್ಲಿ ಇರಲಿಲ್ಲ. ಅದೇ ಲ್ಯಾಬುಗಳ ನೆಲ ಒರೆಸುವವರನ್ನು, ಪಾಯಿಖಾನೆ ತೊಳೆಯುವವರನ್ನು ಆ ದಿನ ಯಾರೂ ಕರೆಯುವುದಿಲ್ಲ. ಬೇಡವೆಂದು ಯಾರೂ ತೀರ್ಮಾನಿಸಿದ್ದಲ್ಲ. ಹೊಳೆಯುವುದೇ ಇಲ್ಲ. ಕೇಸರಿಬಾತು ಉಳಿದರೆ ಮಾತ್ರ ನೆನಪಾಗುತ್ತಾರೆ.

*

ಸಬೀಹಾ ಸ್ವಂತ ಸ್ಕೂಟರಿನಲ್ಲಿ ಕಾಲೋನಿಗೆ ಹೋದಳು. ಹುಲಿಗೆಮ್ಮ, ರಮಾ, ಈರಮ್ಮ ಮೂವರ ರಕ್ತವನ್ನೂ ತೆಗೆದಳು. ಮುದುಕಿ ಕೈ ಕೊಡಲು ಒಪ್ಪಲಿಲ್ಲ. ಸತ್ತ ಮಗನ ಮಾನ ಇನ್ನೆಷ್ಟು ಕಳೆಯುತ್ತೀರಿ ಎಂದು ಕೇಳಿದಳು. ರಮಾ ಅಜ್ಜಿಯ ಮಣಿಕಟ್ಟು ಹಿಡಿದು, ನನಗೆ ತಿಳಿಯಲೇಬೇಕು ಎಂದಳು. ಆ ಮಾತಿಗೆ ಹುಲಿಗೆಮ್ಮ ತಲೆಯೆತ್ತಿ ಮಗಳನ್ನು ನೋಡಿದಳು. ಮಗಳು ಈ ಸಲ ಕಣ್ಣು ತಪ್ಪಿಸಲಿಲ್ಲ. ಅದು ಇನ್ನೂ ಕಷ್ಟವಾಗಿತ್ತು.

ನಿಧಾನದ, ದುಬಾರಿಯ ಹಳೆಯ ಕ್ರಮದಲ್ಲಿ ಸಬೀಹಾ ಆ ಜಾಗವನ್ನು ಅಕ್ಷರ ಅಕ್ಷರವಾಗಿ ಓದಿದಳು. ಈರಮ್ಮನಲ್ಲಿ ಒಂದು ಅಕ್ಷರ ಬೇರೆ. ಅದೇ ಮಾರೆಪ್ಪನ ಒಣ ಹನಿಯಲ್ಲಿ, ಅದೇ ರಮಾಳಲ್ಲಿ. ಹುಲಿಗೆಮ್ಮನಲ್ಲಿ ಅದು ಇರಲಿಲ್ಲ. ಅಜ್ಜಿಯಿಂದ ಮಗನಿಗೆ, ಮಗನಿಂದ ಮೊಮ್ಮಗಳಿಗೆ ಅದು ನೆಟ್ಟಗೆ ಇಳಿದು ಬಂದಿತ್ತು. ಪ್ರೈಮರನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಎಲ್ಲರಿಗೂ ಅಂಟುವ ಹೊಸ ವಿನ್ಯಾಸವನ್ನೂ ಮಾಡಿದಳು. ಅದರಲ್ಲಿ 'ಕೆಟ್ಟ' ಮಾದರಿಗಳೆಲ್ಲ ಒಂದೂ ಬಿಡದೆ ಮಾತಾಡಿದವು.

ನಿರ್ದೇಶಕ ಪ್ರಹ್ಲಾದ ಇನಾಮದಾರರು ಹಾಳೆಗಳನ್ನು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. ಅವರು ಸುಳ್ಳರಲ್ಲ. ಕೆಲಸ ಚೆನ್ನಾಗಿದೆ, ತಪ್ಪು ನಿಜ ಎಂದು ಒಪ್ಪಿದರು. ಚಹಾ ತರಿಸಿದರು. ಆಮೇಲೆ, ಇದರ ಹಸಿರು ತೆಗೆದು, ತಪ್ಪೆಂದು ತುಲನಾದಲ್ಲಿ ಕೆಂಪು ಮಾಡಿದರೆ ಏನಾಗುತ್ತದೆ ಎಂದು ಯೋಚಿಸಿದ್ದೀರಾ ಎಂದು ಕೇಳಿದರು. ಈ ಪರೀಕ್ಷೆಯ ಮೇಲೆ ತಿರಸ್ಕಾರವಾದ ಅರ್ಜಿಗಳು, ಮುರಿದ ಸಂಸಾರಗಳು, ಕೋರ್ಟಿನ ಆದೇಶಗಳು ಎಲ್ಲ ಎದ್ದು ಬರುತ್ತವೆ. ಜನ ವಿಜ್ಞಾನದ ಮೇಲೇ ನಂಬಿಕೆ ಕಳೆದುಕೊಳ್ಳುತ್ತಾರೆ.

"ಯಾವ ಜನ ಸರ್?" ಎಂದಳು ಸಬೀಹಾ.

ಇನಾಮದಾರರು ಬೇಸರಪಟ್ಟರು. "ನೀವು ಎಲ್ಲದರಲ್ಲೂ ಅದನ್ನೇ ತರಬೇಡಿ. ಯಂತ್ರಕ್ಕೆ ಜಾತಿ ಗೊತ್ತಿಲ್ಲ."

"ಯಂತ್ರಕ್ಕೆ ಗೊತ್ತಿಲ್ಲ ಸರ್. ಅದಕ್ಕೆ ರಕ್ತ ಕೊಟ್ಟವರು ನಾವು."

ಅವರು ಸಿಟ್ಟಾಗಲಿಲ್ಲ. ನಡುವಿನ ದಾರಿ ಹುಡುಕೋಣ ಎಂದರು. ನಡುವಿನ ದಾರಿಗಳನ್ನು ಹುಡುಕುವವರು ಯಾವಾಗಲೂ ದಾರಿಯ ಮೇಲ್ಭಾಗದಲ್ಲಿ ನಿಂತಿರುತ್ತಾರೆ. ತುಲನಾದ ಸಮಿತಿ ಸೇರಿತು, ವಾದವಿವಾದ ನಡೆಯಿತು, ಸಬೀಹಾಳ ಶೋಧಕ್ಕೆ ಚಪ್ಪಾಳೆಯೂ ಬಿತ್ತು. ಹಳೆಯ ವಿನ್ಯಾಸದ ಹಸಿರು ಹಾಗೆಯೇ ಉಳಿಯಿತು. ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ಒಂದು ಟಿಪ್ಪಣಿ ಬಂತು: ಈ ಪರೀಕ್ಷೆ ಕೆಲವು ವೃತ್ತಿ ಸಮುದಾಯಗಳಿಗೆ ಅನ್ವಯವಾಗುವುದಿಲ್ಲ.

ಸಬೀಹಾಳ ಹೊಸ ವಿನ್ಯಾಸವನ್ನೂ ತುಲನಾಕ್ಕೆ ಏರಿಸಿದರು. ಅದು ಬೂದು ಚುಕ್ಕೆಯೊಂದಿಗೆ ಕುಳಿತಿತು. ಹಸಿರಾಗಲು ಬೇರೆ ಲ್ಯಾಬುಗಳು ತಾಳೆ ನೋಡಬೇಕು. ತಾಳೆ ನೋಡಲು ಆ ಅಕ್ಷರವಿರುವ ರಕ್ತ ಬೇಕು. ನಮ್ಮ ಸಿಬ್ಬಂದಿಯಲ್ಲಿ ಅಂಥವರು ಯಾರೂ ಇಲ್ಲವಲ್ಲ, ವಿಷಾದವಿದೆ ಎಂದು ಒಂದರ ಹಿಂದೆ ಒಂದು ಲ್ಯಾಬಿನಿಂದ ಉತ್ತರ ಬಂತು. ನಿಮ್ಮ ನೆಲ ಒರೆಸುವವರನ್ನು ಕೇಳಿ ನೋಡಿ ಎಂದು ಸಬೀಹಾ ತಿರುಗಿ ಬರೆದಳು. ಅವರು ಹೊರಗುತ್ತಿಗೆಯವರು, ಸಿಬ್ಬಂದಿಯ ಪೈಕಿ ಬರುವುದಿಲ್ಲ ಎಂದು ಮರುಟಪಾಲು ಬಂತು.

*

ಆದರೂ ಸಬೀಹಾ ತನ್ನ ಹಾಳೆಯನ್ನು ಹಿಡಿದು ಕಾಲೋನಿಗೆ ಹೋದಳು. ರಮಾ ಮಾರೆಪ್ಪನ ಮಗಳೇ, ಸಂಶಯವೇ ಇಲ್ಲ ಎಂದು ಒಲೆಯ ಮುಂದೆ ಕುಳಿತು ಹೇಳಿದಳು. ಅಜ್ಜಿಯ ಅಕ್ಷರ ಮೊಮ್ಮಗಳಿಗೆ ಬಂದ ಬಗೆಯನ್ನು ಇದ್ದಿಲಿನಿಂದ ನೆಲದ ಮೇಲೆ ಗೆರೆ ಎಳೆದು ತೋರಿಸಿದಳು. ರಮಾ ಆ ಗೆರೆಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತಾಯಿಯ ಮಡಿಲಲ್ಲಿ ಮುಖ ಹುದುಗಿಸಿ ಅತ್ತಳು. ಹುಲಿಗೆಮ್ಮ ಮಗಳ ಬೆನ್ನು ತಟ್ಟುತ್ತಿದ್ದಳಾದರೂ ಅವಳ ಕಣ್ಣಲ್ಲಿ ನೀರಿರಲಿಲ್ಲ. ಅವಳಿಗೆ ಇದು ಹೊಸ ಸುದ್ದಿಯಾಗಿರಲಿಲ್ಲ.

ಈರಮ್ಮ ಮಾತ್ರ, ನಿನ್ನ ಹಾಳೆಗೆ ಸರಕಾರದ ಮುದ್ರೆ ಇದೆಯೇನವ್ವಾ ಎಂದು ಕೇಳಿದಳು. ಸಬೀಹಾ ಇಲ್ಲವೆಂದಳು. ಮುದುಕಿ ಗೋಡೆಯ ಕಡೆ ಹೊರಳಿದಳು.

ನಗರಸಭೆಯೂ ಅದನ್ನೇ ಕೇಳಿತು. ಕಿಂಡಿಯೊಳಗಿನವನು ಹಾಳೆಯನ್ನು ತಿರುವಿ ನೋಡಿ, ಇದು ಹಸಿರಾಗಿಲ್ಲ, ತೆಗೆದುಕೊಳ್ಳಲು ಬರುವುದಿಲ್ಲ ಎಂದ. ಹಸಿರಾದ ಪರೀಕ್ಷೆ ತಪ್ಪೆಂದು ಗೊತ್ತಾಗಿದೆಯಲ್ಲ ಎಂದು ರಮಾ ವಾದಿಸಿದಳು. ಹೌದು, ಟಿಪ್ಪಣಿ ಬಂದಿದೆ, ನಾವೂ ಓದಿದ್ದೇವೆ ಎಂದು ಅವನು ಕಂಪ್ಯೂಟರ್ ತಿರುಗಿಸಿ ತೋರಿಸಿದ. ಟಿಪ್ಪಣಿಯ ಪ್ರಕಾರ ನಿಮ್ಮವರಿಗೆ ಪರೀಕ್ಷೆಯೇ ಅನ್ವಯವಾಗುವುದಿಲ್ಲ. ಆದೇಶದ ಪ್ರಕಾರ ಪರೀಕ್ಷೆಯಿಲ್ಲದೆ ಅನುಕಂಪದ ನೇಮಕ ಇಲ್ಲ. ಎರಡನ್ನೂ ಓದಿ ಒಟ್ಟಿಗೆ ಅರ್ಥ ಮಾಡಿಕೊಳ್ಳಿ, ನೀವೇ ಡಿಗ್ರಿ ಓದಿದವರು ಎಂದ.

ಮೊದಲು ಅವಳೊಬ್ಬಳು ತಂದೆಯಿಲ್ಲದವಳಾಗಿದ್ದಳು. ಈಗ ಇಡೀ ಕಾಲೋನಿಯ ಮಕ್ಕಳು ಯಾರ ಮಕ್ಕಳೆಂದು ಹೇಳಲು ಬರುವುದಿಲ್ಲವೆಂದು ವಿಜ್ಞಾನದ ಹೆಸರಿನಲ್ಲಿ ದಾಖಲಾಯಿತು. ಬಾಕಿ ಇದ್ದ ಅರ್ಜಿಗಳನ್ನೆಲ್ಲ ನಗರಸಭೆ ಒಂದೇ ಆದೇಶದಲ್ಲಿ ವಾಪಸ್ ಕಳಿಸಿತು. ಮಗನನ್ನೋ ಗಂಡನನ್ನೋ ಕಳೆದುಕೊಂಡ ಮನೆಗಳ ಹೆಂಗಸರು ಹುಲಿಗೆಮ್ಮನ ಬಾಗಿಲಿಗೆ ಬಂದು, ನೀವು ಕೆದಕದಿದ್ದರೆ ನಮ್ಮವರದ್ದಾದರೂ ಆಗುತ್ತಿತ್ತು ಎಂದರು. ಹುಲಿಗೆಮ್ಮ ಅವರಿಗೆ ಕೂರಲು ಚಾಪೆ ಹಾಸಿದಳು.

ಮಳೆಗಾಲಕ್ಕೆ ಮುಂಚೆ ಗುಂಡಿಗಳ ಹೂಳು ತೆಗೆಸಬೇಕು. ಒಂದು ಬೆಳಿಗ್ಗೆ ಜಮಾದಾರ ತಿಪ್ಪೇಸ್ವಾಮಿ ಗಾಡಿ ತಂದು ಅವರ ಮನೆಯ ಮುಂದೆ ನಿಲ್ಲಿಸಿದ. ಇಳಿಯಲಿಲ್ಲ, ಒಂದು ಕಾಲು ನೆಲಕ್ಕೆ ಊರಿ ಹುಲಿಗೆಮ್ಮನನ್ನು ಕರೆದ. ಮಾರೆಪ್ಪನ ಜಾಗ ಖಾಲಿ ಬಿದ್ದಿದೆ, ದಿನಗೂಲಿ, ಹುಡುಗಿಯನ್ನು ಕಳಿಸು ಎಂದ. ಗುಂಡಿಗೆ ಇಳಿಯುವುದೇನೂ ಬೇಡ, ಇಳಿದವನು ತುಂಬಿಕೊಟ್ಟ ಬಾಲ್ದಿಯನ್ನು ಮೇಲೆ ಎಳೆದರೆ ಸಾಕು. ಅಪ್ಪನ ಕೆಲಸ ಮಗಳಿಗೆ ಬಂದ ಹಾಗೆಯೂ ಆಯಿತು ಎಂದ.

"ಪರೀಕ್ಷಾ ಬ್ಯಾಡೇನ್ರಿ ಇದಕ್ಕ?" ಹುಲಿಗೆಮ್ಮ ಕೇಳಿದಳು. "ಇಕಿ ಮಾರೆಪ್ಪನ ಮಗಳು ಹೌದೋ ಅಲ್ಲೋ ಅಂತ ನಿಮಗೇನ್ ಗೊತ್ತು?"

ತಿಪ್ಪೇಸ್ವಾಮಿ ನಕ್ಕ. ಬಾಗಿಲಲ್ಲಿ ನಿಂತ ರಮಾಳ ಕಡೆ ಗದ್ದ ಎತ್ತಿ ತೋರಿಸಿದ.

"ಮಾರಿ ನೋಡಿದ್ರ ಗೊತ್ತಾಗಂಗಿಲ್ಲೇನಬೇ? ಆ ಹುಬ್ಬು, ಆ ನಿಲ್ಲೋ ಠೀವಿ. ಅಚ್ಚು ಮಾರೆಪ್ಪ. ಕುರುಡನೂ ಹೇಳ್ತಾನ."

ಒಳಗೆ ಈರಮ್ಮ ಗೋಡೆ ಹಿಡಿದು ಎದ್ದಳು. ಹೊಸ್ತಿಲ ತನಕ ತಡವರಿಸುತ್ತ ಬಂದಳು.

"ಇನ್ನೊಮ್ಮೆ ಹೇಳಪ್ಪಾ," ಎಂದಳು.

"ಏನ್ ಹೇಳ್ಲಿ ಮುದುಕಿ? ನಿನ್ನ ಮೊಮ್ಮಗಳು ನಿನ್ನ ಮಗನ ಥರಾ ಅದಾಳ ಅಂದೆ."

ಮುದುಕಿ ಕೈ ಚಾಚಿ ರಮಾಳನ್ನು ಮುಟ್ಟಿ, ಅವಳ ಮುಖವನ್ನು ಹಣೆಯಿಂದ ಗದ್ದದವರೆಗೆ ತಡವಿದಳು. ಸೊಸೆ ಹೇಳಿದಾಗ ನಂಬಲಿಲ್ಲ, ವಿಜ್ಞಾನಿ ಗೆರೆ ಎಳೆದು ತೋರಿಸಿದಾಗ ನಂಬಲಿಲ್ಲ, ಮಗನನ್ನು ಗುಂಡಿಗೆ ಇಳಿಸಿದವನು ಗಾಡಿಯ ಮೇಲೆ ಕುಳಿತು ಹೇಳಿದ ಮೇಲೆ ನಂಬಿದಳು. ಹುಲಿಗೆಮ್ಮ ಅದನ್ನು ನೋಡಿ ಮುಖ ತಿರುಗಿಸಿಕೊಂಡಳು.

ರಮಾ ಒಳಗೆ ಹೋಗಿ ಒಂದು ಬಿಳಿ ಹಾಳೆ, ಪೆನ್ನು ತಂದಳು. ಜಮಾದಾರನ ಮುಂದೆ ಗಾಡಿಯ ಟ್ಯಾಂಕಿನ ಮೇಲೆ ಹಾಳೆಯನ್ನು ಇಟ್ಟಳು.

"ಈಗ ಅಂದದ್ದನ್ನ ಬರ್ದು ಸಹಿ ಮಾಡ್ರಿ. ಇಕಿ ಮಾರೆಪ್ಪನ ಮಗಳು, ನಾ ಬಲ್ಲೆ ಅಂತ. ಬರ್ದು ಕೊಟ್ರ ಬರ್ತೀನಿ, ಬಾಲ್ದಿ ಎಳಿತೀನಿ."

ತಿಪ್ಪೇಸ್ವಾಮಿಯ ನಗು ಮುಖದ ಮೇಲೆಯೇ ಆರಿತು. ಬರೆಯುವುದೆಲ್ಲ ತನ್ನ ಕೈಯಲ್ಲಿ ಇಲ್ಲ ಎಂದ, ಅದಕ್ಕೆ ಮೇಲಿನವರಿದ್ದಾರೆ ಎಂದ. ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ಅವಳ ಕಡೆ ವಾಪಸ್ ಚಾಚಿದ. ಅವಳು ತೆಗೆದುಕೊಳ್ಳದ್ದರಿಂದ ಅದು ನೆಲಕ್ಕೆ ಬಿತ್ತು. ಹೊತ್ತಾಗುತ್ತಿದೆ ಎಂದು ಗಾಡಿ ಚಾಲೂ ಮಾಡಿ, ಮೂರು ಮನೆ ಮುಂದೆ ಹೋಗಿ ನಿಂತು ಇನ್ನೊಂದು ಹೆಸರು ಕೂಗಿದ. ಆ ಮನೆಯಿಂದ ಒಬ್ಬ ತರುಣ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೊರಬಂದ. ಅವನು ಯಾರ ಮಗನೆಂದು ಜಮಾದಾರ ಕೇಳಲಿಲ್ಲ. ಹಗ್ಗ ತಗೊಂಡು ಬಾ ಎಂದಷ್ಟೇ ಹೇಳಿದ.